ಉತ್ತರಕ್ಕೆ ನಮ್ಮ ಮನೆ



ಮೂವತ್ತು ವರ್ಷದ ಹಿಂದಿನ ಮಾತು. ಹಲಸೂರಿನ ನಮ್ಮ ಹಳೆಯ ಮನೆಗೆ ಒಂದು ಮಧ್ಯಾಹ್ನ ರಿಜಿಸ್ಟರ್ಡ್ ಲಕೋಟೆ ಬಂತು. ಮೂಲೆಯಲ್ಲಿ ವಕೀಲರೊಬ್ಬರ ಮೊಹರು, ಒಳಗೆ ಮೇಯೋ ಹಾಲ್ ಕೋರ್ಟಿನ ಹೆಸರು. ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದವಳು ಅಪ್ಪನನ್ನು ಕೇಳಿದ ಮೊದಲ ಪ್ರಶ್ನೆ, "ಯಾರಿಗಾದ್ರೂ ಜಾಮೀನು ಹಾಕಿದ್ರಾ?" ಅಪ್ಪ ಯಾರಿಗೂ ಜಾಮೀನು ಹಾಕಿರಲಿಲ್ಲ. ಕನ್ನಡಕ ಹುಡುಕಿ, ಎರಡೆರಡು ಸಲ ಓದಿ, ಕೊನೆಗೆ ಹೇಳಿದರು: "ಪಕ್ಕದ ಮನೆಯವರು ಮನೆ ಕಟ್ತಾರಂತೆ."

ಅದು ಕೇವಿಯಟ್. ಪಕ್ಕದವರು ಹೆಂಚಿನ ಮನೆ ಕೆಡವಿ ಮೂರಂತಸ್ತು ಎಬ್ಬಿಸುವವರಿದ್ದರು. ನಾವು ಕೋರ್ಟಿಗೆ ಹೋಗಿ ಅವರಿಗೆ ತಿಳಿಯದಂತೆ ತಡೆಯಾಜ್ಞೆ ತಂದುಬಿಟ್ಟರೆ ಎಂಬ ಭಯಕ್ಕೆ ಮುಂಚಿತವಾಗಿಯೇ ಒಂದು ಅರ್ಜಿ ಹಾಕಿ, ಪ್ರತಿಯನ್ನು ನಮಗೆ ಕಳಿಸಿದ್ದರು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಸಂಕ್ರಾಂತಿಗೆ ಅವರ ಮನೆಯ ಪೊಂಗಲ್ ಇಲ್ಲಿಗೆ, ಇಲ್ಲಿಯ ಎಳ್ಳುಬೆಲ್ಲ ಅಲ್ಲಿಗೆ. ಇಷ್ಟು ಹತ್ತಿರದವರ ಸುದ್ದಿ ಅಂಚೆಯಲ್ಲಿ ಬಂತು, ಅದೂ ಅಪ್ಪನನ್ನು ಎದುರುಪಕ್ಷ ಮಾಡಿಕೊಂಡು. ಮಾರನೆಯ ದಿನ ಸೋಮೇಶ್ವರ ದೇವಸ್ಥಾನದ ಹತ್ತಿರ ಎದುರಾದಾಗ ಆ ಯಜಮಾನರು ಮುಖ ಎತ್ತಲಾರದೆ, "ವಕೀಲರು ಹೇಳಿದ್ರು ಸಾರ್, ಸುಮ್ನೆ ಸೇಫ್ಟಿಗೆ" ಅಂದರಂತೆ.

ಕೇವಿಯಟ್ ಅನ್ನುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಕಲಮಿನಲ್ಲಿರುವ ಸೌಲಭ್ಯ. ತೊಂಬತ್ತು ದಿನ ಊರ್ಜಿತ. ತಡೆ ತರಬಹುದೆಂದು ಯಾರ ಮೇಲೆ ಅನುಮಾನವೋ ಅವರಿಗೆ ಅದರ ನೋಟೀಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲೇಬೇಕೆಂದು ಆ ಕಲಮು ಹೇಳುತ್ತದೆ. ಯೋಚಿಸಿ ನೋಡಿದರೆ ನಗು ಬರುತ್ತದೆ. ನಮ್ಮ ಊರಿನಲ್ಲಿ ಒಬ್ಬ ಮನೆ ಕಟ್ಟುವ ಮೊದಲು ಪಕ್ಕದವನಿಗೆ ಕಾನೂನು ರೀತ್ಯಾ ತಲುಪುವ ಕಾಗದ ಬಹುಮಟ್ಟಿಗೆ ಇದೊಂದೇ. "ನಾನು ಕಟ್ಟುತ್ತಿದ್ದೇನೆ" ಎನ್ನುವ ಕಾಗದವಲ್ಲ, "ನೀನು ಕೋರ್ಟಿಗೆ ಹೋಗುತ್ತೀಯೆಂದು ನನಗೆ ಗೊತ್ತು" ಎನ್ನುವ ಕಾಗದ.

ಆ ಲಕೋಟೆಯ ಕೊನೆಯ ಪುಟದಲ್ಲಿ ಸ್ವತ್ತಿನ ವಿವರ ಇತ್ತು. ಅದರ ಕೆಳಗೆ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ನಮ್ಮ ಅಪ್ಪನ ಹೆಸರು. ಇಂದು ನಾನು ಹೇಳಬೇಕೆಂದಿರುವುದೆಲ್ಲ ಆ ನಾಲ್ಕು ಸಾಲಿನ ಸುತ್ತಲೇ ಇದೆ.

ನಿಮ್ಮ ಮನೆಯ ಕ್ರಯಪತ್ರವನ್ನು ಬೀರುವಿನಿಂದ ತೆಗೆದು ನೋಡಿ. ಉದ್ದಗಲ ಎಷ್ಟೇ ಬರೆದಿರಲಿ, ಚಕ್ಕುಬಂದಿ ಇಲ್ಲದ ಪತ್ರವನ್ನು ಯಾವ ಪತ್ರಬರಹಗಾರನೂ ಬರೆಯುವುದಿಲ್ಲ. ನಿಮ್ಮ ನೆಲ ಯಾವುದು ಎಂದು ತಿಳಿಯುವುದೇ ಸುತ್ತ ಯಾರಿದ್ದಾರೆ ಎಂಬುದರಿಂದ. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯ ಕಡೆಗೇ ವಾಲುತ್ತವೆ. ಹಳೆಯ ಪತ್ರಗಳಲ್ಲಿ ಅಲ್ಲಿ ಮನುಷ್ಯರ ಹೆಸರು ಇರುತ್ತಿತ್ತು, ಬಾವಿ ಇರುತ್ತಿತ್ತು, ಹುಣಸೆ ಮರ ಇರುತ್ತಿತ್ತು. ಬಡಾವಣೆಗಳು ಬಂದ ಮೇಲೆ "ಪೂರ್ವಕ್ಕೆ ಸೈಟ್ ನಂಬರ್ 14" ಎಂದಾಯಿತು. ಹೆಸರು ಹೋಗಿ ನಂಬರು ಬಂದರೂ ಜಾಗ ಮಾತ್ರ ಖಾಲಿ ಬಿಡಲಿಲ್ಲ.

ಈಗ ಕೆ.ಆರ್. ಪುರದ ಕಡೆ ಬನ್ನಿ. ಅದು ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ. ಮೆಟ್ರೋ ಬಂದು, ಟೆಕ್ ಪಾರ್ಕುಗಳು ಬಂದು ಏನೆಲ್ಲ ಆದರೂ ಅಂಚಿನ ಹಳ್ಳಿಗಳಲ್ಲಿ ಇನ್ನೂ ಎಕರೆ ಗುಂಟೆ ಲೆಕ್ಕದ ಜಮೀನಿದೆ. ಅಲ್ಲಿ ಒಬ್ಬ ತನ್ನ ಹೊಲದ ಗಡಿ ಗುರುತಿಸಿಕೊಳ್ಳಲು ಹದ್ದುಬಸ್ತಿಗೆ ಅರ್ಜಿ ಹಾಕಿದನೆನ್ನಿ. ಭೂಮಾಪಕ ಬರುವ ಮೊದಲು ಬಾಜುದಾರರಿಗೆ, ಎಂದರೆ ಸುತ್ತಣ ಜಮೀನಿನವರಿಗೆಲ್ಲ, ಇಂಥ ದಿನ ಅಳತೆಗೆ ಬರುತ್ತೇವೆ, ಹಾಜರಿರಿ ಎಂದು ನೋಟೀಸು ಹೋಗಬೇಕು. ಅಂದು ಅವರು ಬದುವಿನ ಮೇಲೆ ನಿಂತಿರುತ್ತಾರೆ, ಕೆಲವರು ಕೊಡೆ ಹಿಡಿದು, ಕೆಲವರು ಆಗಲೇ ಜಗಳಕ್ಕೆ ಸಿದ್ಧರಾಗಿ. ಹಿಂದೆ ಮೂವತ್ಮೂರು ಅಡಿಯ ಸರಪಳಿ ಎಳೆಯುತ್ತಿದ್ದರು. ಆ ಸರಪಳಿ ಒಂದು ಉದ್ದ, ಒಂದು ಅಗಲ ಬಿದ್ದರೆ ಒಂದು ಗುಂಟೆ, 1,089 ಚದರಡಿ. ಈಗ ಯಂತ್ರ ಬಂದಿದೆ. ಅಳೆದು, ಕಲ್ಲು ತೋರಿಸಿ, ಬಂದವರ ಎದುರಿಗೇ ಪಂಚನಾಮೆ ಬರೆದು ರುಜು ಹಾಕಿಸಿಕೊಳ್ಳುತ್ತಾರೆ. ಒಪ್ಪದವನು ಒಪ್ಪಲಿಲ್ಲವೆಂದೇ ಬರೆಸುತ್ತಾನೆ.

ಅಂದರೆ ನೆಲ ಹೊಲವಾಗಿರುವವರೆಗೆ ಪಕ್ಕದವನಿಗೆ ಬೆಲೆಯಿದೆ. ಅದೇ ಹೊಲ ಅನ್ಯಕ್ರಾಂತವಾಗಿ, ಸೈಟಾಗಿ, ಅದರ ಮೇಲೆ ನಾಲ್ಕಂತಸ್ತು ಏಳುವ ಹೊತ್ತಿಗೆ ಅವನು ಕಡತದಿಂದ ಜಾರಿಹೋಗಿರುತ್ತಾನೆ. ಒಂದು ಅಡಿ ಬದು ಸರಿಸಲು ಅವನನ್ನು ಕರೆಯಬೇಕು. ನಲವತ್ತು ಅಡಿ ಗೋಡೆ ಎಬ್ಬಿಸಲು ಬೇಡ!

ಮನೆ ಕಟ್ಟುವ ಪರವಾನಗಿಗೆ ಪಾಲಿಕೆ ಏನೇನು ಕೇಳುತ್ತದೆ? ಕ್ರಯಪತ್ರ, ಖಾತೆ, ತೆರಿಗೆ ರಸೀದಿ, ನಕ್ಷೆ, ಎಂಜಿನಿಯರ ಸಹಿ. ಪಕ್ಕದವನ ಹೆಸರಿನಲ್ಲಿ ಇರುವುದು ಸೆಟ್‌ಬ್ಯಾಕ್ ಒಂದೇ, ಇಷ್ಟು ಅಡಿ ಬಿಟ್ಟು ಕಟ್ಟು ಎಂಬ ನಿಯಮ. ಆ ಅಡಿಗಳು ಊರಿನಲ್ಲಿ ಎಷ್ಟು ಮಟ್ಟಿಗೆ ಉಳಿದಿವೆ ಎಂಬುದನ್ನು ನಿಮ್ಮ ಬೀದಿಯಲ್ಲಿ ನಡೆದು ನೀವೇ ನೋಡಬಹುದು. 2024ರಲ್ಲಿ "ನಂಬಿಕೆ ನಕ್ಷೆ" ಎಂಬ ಯೋಜನೆ ಬಂತು. ಐವತ್ತು ಎಂಬತ್ತು ಅಡಿವರೆಗಿನ ನಿವೇಶನದಲ್ಲಿ ನಾಲ್ಕು ಮನೆವರೆಗೆ ಕಟ್ಟುವುದಾದರೆ, ನೋಂದಾಯಿತ ಎಂಜಿನಿಯರು ಆನ್‌ಲೈನಿನಲ್ಲಿ ನಕ್ಷೆ ಹಾಕಿದೊಡನೆ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ, ಪರಿಶೀಲನೆ ಆಮೇಲೆ. ಕಚೇರಿ ಕಚೇರಿ ಅಲೆಯುವುದು ತಪ್ಪಿತೆಂದು ಜನ ಸಂತೋಷಪಟ್ಟರು, ನಾನೂ ಪಟ್ಟೆ. ನಂಬಿಕೆ ಎಂಬ ಹೆಸರೂ ಚೆನ್ನಾಗಿದೆ. ಆದರೆ ಅದು ಕಟ್ಟುವವನಿಗೂ ಪಾಲಿಕೆಗೂ ನಡುವಿನ ನಂಬಿಕೆ. ಗೋಡೆಯ ಆಚೆ ಮಲಗಿರುವವನಿಗೆ ಸುದ್ದಿ ಗೊತ್ತಾಗುವುದು ಬೆಳಗಿನ ಐದಕ್ಕೆ ಜೆಸಿಬಿ ಬಂದಾಗಲೇ.

ಒಂದು ಬದಲಾವಣೆ ಆಗಿದೆ, ಅದನ್ನು ಹೇಳಬೇಕು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಉತ್ತರಪ್ರದೇಶದ ಒಂದು ಮೊಕದ್ದಮೆಯಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ಕೆಲವು ಸೂಚನೆ ಕೊಟ್ಟಿತು. ಮಂಜೂರಾದ ನಕ್ಷೆಯ ಪ್ರತಿಯನ್ನು ಕಟ್ಟಡ ಮುಗಿಯುವವರೆಗೂ ಕೆಲಸದ ಜಾಗದಲ್ಲೇ ಕಾಣುವಂತೆ ಹಾಕಿರಬೇಕು ಎಂಬುದು ಅವುಗಳಲ್ಲೊಂದು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ, ಅಕ್ಟೋಬರ್ 22ರಂದು, ಹೆಣ್ಣೂರಿನ ಹತ್ತಿರ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಒಂಬತ್ತು ಜೀವ ಹೋಗಿತ್ತು. ಪರವಾನಗಿಗಿಂತ ಹೆಚ್ಚು ಅಂತಸ್ತು ಏರಿಸಿದ್ದರೆಂದು ಆಗ ಅಧಿಕಾರಿಗಳೇ ಹೇಳಿದರು. ಎಷ್ಟು ಅಂತಸ್ತಿಗೆ ಒಪ್ಪಿಗೆ ಇದೆ ಎಂದು ಬೇಲಿಗೆ ತಗುಲಿಹಾಕಿದ್ದರೆ ಎದುರುಮನೆಯ ಶಾಲೆ ಹುಡುಗನೂ ಎಣಿಸಿ ಹೇಳಿಬಿಡುತ್ತಿದ್ದ. ಆದರೂ ಇದು ಮಂಜೂರಾದ ಮೇಲಿನ ಮಾತು. ನಾನು ಕೇಳುತ್ತಿರುವುದು ಮೊದಲಿನದು.

ಮೊದಲೇ ತಿಳಿಸಬೇಕೆಂಬ ನಿಯಮ ನಮ್ಮಲ್ಲಿ ಇಲ್ಲವೇ ಇಲ್ಲವೆ? ಒಂದು ಕಡೆ ಇದೆ. ವಸತಿಗೆಂದು ಗುರುತಾದ ನೆಲವನ್ನು ವಾಣಿಜ್ಯಕ್ಕೋ ಇನ್ನೊಂದಕ್ಕೋ ಬದಲಾಯಿಸಬೇಕಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮಿನ ಪ್ರಕಾರ ಆ ಪ್ರದೇಶದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಹದಿನೈದು ದಿನಕ್ಕೆ ಕಡಿಮೆಯಿಲ್ಲದಂತೆ ಆಕ್ಷೇಪಣೆಗೆ ಕಾಲ ಕೊಡಬೇಕು. ಕೇಳಲು ಸೊಗಸಾಗಿದೆ. ಆ ಪ್ರಕಟಣೆ ಹೇಗಿರುತ್ತದೆ ಗೊತ್ತಲ್ಲ. ಒಳಪುಟದಲ್ಲಿ, ಕಳೆದುಹೋದ ಮಾರ್ಕ್ಸ್ ಕಾರ್ಡಿನ ಜಾಹೀರಾತಿಗೂ ಹೆಸರು ಬದಲಾವಣೆಯ ಅಫಿಡವಿಟ್ಟಿಗೂ ಮಧ್ಯೆ, ಸಾಸಿವೆ ಗಾತ್ರದ ಅಕ್ಷರದಲ್ಲಿ, ಸರ್ವೆ ನಂಬರು ಇಷ್ಟು ಬಾರ್ ಇಷ್ಟು, ವಿಸ್ತೀರ್ಣ ಇಷ್ಟು ಚದರ ಮೀಟರು. ತನ್ನ ಮನೆಯ ಹಿಂದಿನ ಜಾಗದ ಸರ್ವೆ ನಂಬರು ಎಷ್ಟು ಜನರಿಗೆ ಗೊತ್ತು? ನನಗಂತೂ ಗೊತ್ತಿಲ್ಲ. ಇಂಥ ಒಂದು ನೋಟೀಸನ್ನು ನಾನು ಪೂರ್ತಿ ಓದಿದ್ದು ಒಮ್ಮೆ ಮಾತ್ರ, ಹಲಸೂರು ಕೆರೆ ಏರಿಯಲ್ಲಿ ಕೂತು ಕಡಲೆಕಾಯಿ ತಿಂದು ಮುಗಿಸಿದ ಮೇಲೆ ಪೊಟ್ಟಣ ಬಿಡಿಸಿ. ಅವಧಿ ಮುಗಿದು ತಿಂಗಳಾಗಿತ್ತು.

ಆ ಪ್ರದೇಶದಲ್ಲಿ ಓಡಾಡುವ ಪತ್ರಿಕೆ ಎಂದರೆ ಯಾವುದು? ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಗಳಲ್ಲಿ ಬೆಳಗ್ಗೆ ಚಹಾದಂಗಡಿಯ ಮೇಜಿನ ಮೇಲೆ ಇರುವುದು ಉರ್ದುವಿನ ಸಾಲಾರ್. ಹಲಸೂರಿನ ಬಜಾರು ಬೀದಿಯ ಕ್ಷೌರದಂಗಡಿಯಲ್ಲಿ ತಮಿಳು ಪತ್ರಿಕೆ. ಇಂದಿರಾನಗರದ ಗೇಟುಗಳಲ್ಲಿ ಇಂಗ್ಲಿಷು, ಈಗೀಗ ಅದೂ ಇಲ್ಲ, ಎಲ್ಲ ಫೋನಿನಲ್ಲಿ. ನೋಟೀಸು ಪ್ರಕಟವಾಯಿತು ಎನ್ನಲು ಅಡ್ಡಿಯಿಲ್ಲ, ಮುಟ್ಟಿತು ಎನ್ನಲಾಗದು. ಹಿಂದೆ ಹಳ್ಳಿಯಲ್ಲಿ ತಳವಾರ ತಮಟೆ ಬಡಿದು ಕೂಗುತ್ತಿದ್ದ. ಅವನ ಕೂಗು ಕನಿಷ್ಠ ಮಲಗಿದವನನ್ನು ಎಬ್ಬಿಸುತ್ತಿತ್ತು.

ಇಂದಿರಾನಗರದ ಕಥೆಯನ್ನೇ ನೋಡಿ. ನಿವೃತ್ತಿಯ ಹಣದಲ್ಲಿ ಸೈಟು ಕೊಂಡು, ತೆಂಗು ಮಾವು ನೆಟ್ಟು ಕೂತವರ ಬಡಾವಣೆ ಅದು. 2007ರಲ್ಲಿ ಮಂಜೂರಾದ ನಗರ ಮಹಾಯೋಜನೆ ವಸತಿ ಪ್ರದೇಶಗಳೊಳಗೆ ಅಂಗಡಿ ಕಚೇರಿಗಳಿಗೆ ಬಾಗಿಲನ್ನು ಇನ್ನಷ್ಟು ತೆರೆಯಿತು. ಆಮೇಲೆ ರಸ್ತೆ ನಲವತ್ತು ಅಡಿ ಇದೆಯೋ ಇಲ್ಲವೋ ಎಂದು ಟೇಪು ಹಿಡಿದು ನಿವಾಸಿಗಳೇ ಅಳೆಯುವ ಕಾಲ ಬಂತು. ನೂರಡಿ ರಸ್ತೆಯ ಮಾತು ಬಿಡಿ, ಅದು ಎಂದೋ ಪೇಟೆಯಾಯಿತು. ಒಳಗಿನ ಅಡ್ಡರಸ್ತೆಯಲ್ಲಿ ಪಕ್ಕದ ಮನೆ ಖಾಲಿಯಾಗುತ್ತದೆ, ಬಣ್ಣ ಬಳಿಯುತ್ತಾರೆ, ಯಾರೋ ಬಾಡಿಗೆಗೆ ಬಂದರೆಂದು ವೃದ್ಧ ದಂಪತಿ ಖುಷಿಪಡುತ್ತಾರೆ. ಒಂದು ಶುಕ್ರವಾರ ಸಂಜೆ ತಾರಸಿಯ ಮೇಲೆ ಯಾರೋ ಮೈಕು ಹಿಡಿದು "ಚೆಕ್, ಚೆಕ್" ಅನ್ನುತ್ತಾರೆ. ನೋಟೀಸು ಅಂದರೆ ಅದೇ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರ ಮೇಲೆ 45 ಎಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ವ್ಯಾಪಾರದ ಲೈಸೆನ್ಸು ಕೊಡುವ ಮೊದಲು ಪಕ್ಕದವರನ್ನು ಒಂದು ಮಾತು ಕೇಳಿ ಎಂಬುದು ಮಾತ್ರ ಆ ನಿಯಮಗಳಲ್ಲಿ ಇಲ್ಲ. ಮೂಗು ಮುಚ್ಚಿಕೊಂಡವನಿಗೆ ಕರವಸ್ತ್ರದ ಅಳತೆ ಹೇಳಿದ ಹಾಗೆ.

ಪಕ್ಕದವನಿಗೆ ಕೇಳುವ ಹಕ್ಕಿದೆ ಎಂದು ನಮ್ಮ ನ್ಯಾಯಾಲಯಗಳೇ ಹೇಳಿದ್ದುಂಟು. ಇದರಲ್ಲಿ ಕರ್ನಾಟಕಕ್ಕೆ ಒಂದು ಹೆಮ್ಮೆ ಇದೆ. ಉಡುಪಿಯಲ್ಲಿ ವಸತಿಗೆ ಮೀಸಲಾದ ಕಡೆ ಕಲ್ಯಾಣ ಮಂಟಪಕ್ಕೆಂದು ಒಪ್ಪಿಗೆ ಪಡೆದದ್ದು ಆಮೇಲೆ ಸಿನಿಮಾ ಮಂದಿರವಾಗಲು ಹೊರಟಿತು. ಪುರಸಭೆ ಸೈ ಅಂದಿತು. ಹತ್ತಿರದ ನಿವಾಸಿಯೊಬ್ಬರು ಸುಪ್ರೀಂ ಕೋರ್ಟಿನವರೆಗೂ ಹೋದರು, 1974ರಲ್ಲಿ ಗೆದ್ದರು. ಯೋಜನೆಗೆ ವಿರುದ್ಧವಾಗಿ ಪರವಾನಗಿ ಕೊಡುವ ಅಧಿಕಾರ ಪುರಸಭೆಗಿಲ್ಲ, ಅದನ್ನು ಪ್ರಶ್ನಿಸಲು ಅಲ್ಲಿಯ ನಿವಾಸಿಗೆ ಹಕ್ಕಿದೆ ಎಂದಾಯಿತು. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗ ಖಾಸಗಿ ನರ್ಸಿಂಗ್ ಹೋಮಿಗೆ ಹೋದಾಗ ಅಲ್ಲಿಯ ನಿವಾಸಿಗಳೂ ಹಾಗೆಯೇ ಹೋರಾಡಿ 1991ರಲ್ಲಿ ಗೆದ್ದರು. ಇಂದಿಗೂ ದೇಶದ ಯಾವ ಮೂಲೆಯಲ್ಲಿ ಪಾರ್ಕಿಗೆ ಕೈಹಾಕಿದರೂ ವಕೀಲರು ಮೊದಲು ಓದುವುದು ಆ ತೀರ್ಪನ್ನೇ. ಆದರೆ ದೆಹಲಿಯವರೆಗೆ ಹೋಗುವ ತ್ರಾಣ ಎಷ್ಟು ಜನಕ್ಕೆ ಇರುತ್ತದೆ? ಮೊದಲೇ ಒಂದು ಕಾಗದ ಬಂದಿದ್ದರೆ ನಡೆದುಕೊಂಡೇ ಹೋಗಿ ತಕರಾರು ಬರೆದುಕೊಡಬಹುದಿತ್ತು.

ಇಂಥ ಕಾಗದದ ರೂಢಿ ಬೇರೆಡೆ ಇದೆ. ನಮ್ಮ ಊರಿನಲ್ಲಿ 1809ರಲ್ಲಿ ದಂಡು ಪ್ರದೇಶ ಕಟ್ಟಿದ ಇಂಗ್ಲಿಷರು ತಮಗೆ ಎಕರೆಗಟ್ಟಲೆ ಕಾಂಪೌಂಡಿನ ಬಂಗಲೆ ಮಾಡಿಕೊಂಡರು. ಪಕ್ಕದವನು ಏನು ಕಟ್ಟಿದರೂ ಕಾಣುವುದು ಮರಗಳೇ, ಅಲ್ಲಿ ಹೇಳಿ ಕೇಳುವ ಪ್ರಮೇಯವೇ ಬರಲಿಲ್ಲ. ದಂಡಿಗೆ ಮಾಂಸ, ತರಕಾರಿ, ಬಟ್ಟೆ ಒದಗಿಸುವವರು ಬ್ಲ್ಯಾಕ್‌ಪಲ್ಲಿಯಲ್ಲಿ, ಇಂದಿನ ಶಿವಾಜಿನಗರದಲ್ಲಿ, ಗೋಡೆಗೆ ಗೋಡೆ ಅಂಟಿಸಿಕೊಂಡು ಬಾಳಿದರು. ಅದೇ ಇಂಗ್ಲೆಂಡಿನಲ್ಲಿ ಈಗ ಯಾರಾದರೂ ಕಟ್ಟಲು ಅರ್ಜಿ ಹಾಕಿದರೆ ಸ್ಥಳೀಯ ಸಂಸ್ಥೆ ನೆರೆಯವರಿಗೆ ಪತ್ರ ಬರೆಯುತ್ತದೆ, ಇಲ್ಲವೆ ಜಾಗದಲ್ಲೇ ಚೀಟಿ ಅಂಟಿಸುತ್ತದೆ, ಹೇಳುವುದಿದ್ದರೆ ಇಪ್ಪತ್ತೊಂದು ದಿನದಲ್ಲಿ ಹೇಳಿ ಎಂದು. ಜಂಟಿ ಗೋಡೆಗೆಂದೇ 1996ರ ಒಂದು ಕಾಯ್ದೆ ಇದೆ. ಪಕ್ಕದ ಮನೆಯಿಂದ ಮೂರು ಮೀಟರಿನೊಳಗೆ, ಅದರ ತಳಪಾಯಕ್ಕಿಂತ ಆಳವಾಗಿ ಪಾಯ ಅಗೆಯಬೇಕೆಂದರೆ ಒಂದು ತಿಂಗಳು ಮೊದಲು ಲಿಖಿತ ನೋಟೀಸು. ಜಪಾನಿನಲ್ಲಿ ಕೆಲಸ ಶುರುವಾಗುವ ಮುನ್ನ ಸುತ್ತಲಿನ ಮನೆಗಳಿಗೆ ಹೋಗಿ, ತೊಂದರೆಯಾಗುತ್ತದೆ, ಕ್ಷಮಿಸಿ ಎಂದು ಒಂದು ಟವೆಲನ್ನೋ ಸಣ್ಣ ಕಾಣಿಕೆಯನ್ನೋ ಕೊಟ್ಟು ಬರುವ ಪದ್ಧತಿ ಇದೆ. ನಾವೇನು ಕಡಿಮೆಯೆ? ಗೃಹಪ್ರವೇಶಕ್ಕೆ ಕುಂಕುಮ ಇಟ್ಟು ಮೊದಲು ಕರೆಯುವುದೇ ಪಕ್ಕದ ಮನೆಯವರನ್ನು. ಅಷ್ಟು ಹೊತ್ತಿಗೆ ಅವರ ಅಡುಗೆಮನೆಯ ಬೆಳಕು ಹೋಗಿ ಎಂಟು ತಿಂಗಳಾಗಿರುತ್ತದೆ.

ಕಟ್ಟುವವರ ಅಳಲೂ ಸುಳ್ಳಲ್ಲ. "ಹೇಳಿದರೆ ತಡೆ ತರುತ್ತಾರೆ." "ಹೇಳಿದರೆ ದುಡ್ಡು ಕೇಳುತ್ತಾರೆ." ಎರಡೂ ನಡೆಯುತ್ತದೆ, ನಾನು ಕಂಡಿದ್ದೇನೆ. ಹಳೆಯ ಹಗೆಗೆ ಹೊಸ ಕಟ್ಟಡದ ನೆಪ ಹುಡುಕುವವರಿದ್ದಾರೆ. ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಬೀದಿ ಬೀದಿ ತಿರುಗಿ ಸಂಪಾದಿಸುವವರಿದ್ದಾರೆ. ಅದಕ್ಕೇ ತಿಳಿಸುವುದು ಬೇರೆ, ಒಪ್ಪಿಗೆ ಕೇಳುವುದು ಬೇರೆ ಎಂದು ಮೊದಲೇ ಹೇಳಿಬಿಡಬೇಕು. ಪಕ್ಕದವನಿಗೆ ಬೇಡ ಅನ್ನುವ ಅಧಿಕಾರ ಕೊಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಕೊಟ್ಟರೆ ಈ ಊರಿನಲ್ಲಿ ಒಂದು ಪಾಯಖಾನೆಯೂ ಏಳಲಿಕ್ಕಿಲ್ಲ. ಅರ್ಜಿ ಸ್ವೀಕರಿಸುವಾಗ ಚಕ್ಕುಬಂದಿಯಲ್ಲಿರುವ ನಾಲ್ಕು ವಿಳಾಸಕ್ಕೆ ಕಚೇರಿಯಿಂದ ನಾಲ್ಕು ಕಾರ್ಡು ಹೋಗಲಿ, ಇಂಥಲ್ಲಿ ಇಂಥದ್ದು ಬರುತ್ತಿದೆ ಎಂದು. ಈಗ ಇ-ಖಾತೆಯಲ್ಲಿ ಸ್ವತ್ತಿನ ಚಕ್ಕುಬಂದಿಯೂ ಕಂಪ್ಯೂಟರಿಗೆ ಏರುತ್ತಿದೆ. ಕಾರ್ಡು ಬರೆಯಲು ಗುಮಾಸ್ತನೂ ಬೇಡ. 2025ರ ಸೆಪ್ಟೆಂಬರಿನಿಂದ ಊರಿಗೆ ಐದು ಪಾಲಿಕೆಗಳಾಗಿವೆ. ಕೆ.ಆರ್. ಪುರ ಪೂರ್ವ ಪಾಲಿಕೆಗೆ, ಶಿವಾಜಿನಗರ ಕೇಂದ್ರ ಪಾಲಿಕೆಗೆ ಸೇರಿವೆ. ಐವರಲ್ಲಿ ಯಾರಾದರೊಬ್ಬರು ಮೊದಲು ಮಾಡಿ ನೋಡಲಿ.

ಕಟ್ಟುವವನಿಗೂ ಇದರಲ್ಲಿ ಲಾಭವಿದೆ. ಕಂಟೋನ್ಮೆಂಟಿನಿಂದ ಶಿವಾಜಿನಗರಕ್ಕೆ ಮೆಟ್ರೋ ಸುರಂಗ ಕೊರೆದರಲ್ಲ, 2021ರ ಸೆಪ್ಟೆಂಬರಿನಲ್ಲಿ "ಊರ್ಜಾ" ಎಂಬ ಯಂತ್ರ ಶಿವಾಜಿನಗರದಲ್ಲಿ ಹೊರಬಂತು. ಇಂಥ ಸುರಂಗ ಕೊರೆಯುವ ಮೊದಲು ಮೇಲಿನ ಮನೆಗಳಿಗೆ ಎಂಜಿನಿಯರುಗಳು ಹೋಗಿ ಯಾವ ಗೋಡೆಯಲ್ಲಿ ಎಷ್ಟು ಬಿರುಕಿದೆ ಎಂದು ಫೋಟೋ ತೆಗೆದು ದಾಖಲೆ ಮಾಡಿಕೊಳ್ಳುತ್ತಾರೆ. ಮನೆಯವರ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ, ನಾಳೆ ಹಳೆಯ ಬಿರುಕಿಗೂ ಇವರೇ ದಂಡ ತೆರಬಾರದೆಂದು. ನಮ್ಮ ಬೀದಿಯ ಹಳೆಯ ಮೇಸ್ತ್ರಿಯೊಬ್ಬರು ಇದನ್ನೇ ಎರಡು ರೂಪಾಯಿಯಲ್ಲಿ ಮಾಡುತ್ತಿದ್ದರು. ಪಕ್ಕದ ಮನೆಯ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಸಿಮೆಂಟು ಮೆತ್ತಿ, ತಾರೀಖು ಗೀಚಿ ಬರುವುದು. ಪಾಯ ಅಗೆಯುವಾಗ ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಪಟ್ ಅನ್ನುತ್ತದೆ. ಗಾಜು ಹಾಗೇ ಉಳಿದರೆ ಇಬ್ಬರೂ ನಿಶ್ಚಿಂತೆ. ಆದರೆ ಗಾಜು ಅಂಟಿಸಬೇಕಾದರೆ ಮೊದಲು ಆ ಮನೆಯ ಬಾಗಿಲು ತಟ್ಟಬೇಕಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಸರದಿ ಬಂತು. ಅಪ್ಪನ ಮನೆ ಕೆಡವಿ ಕಟ್ಟಲೇಬೇಕಿತ್ತು, ತೊಲೆ ಗೆದ್ದಲು ತಿಂದಿತ್ತು. ದಕ್ಷಿಣದ ಆ ಯಜಮಾನರು ತೀರಿಕೊಂಡಿದ್ದರು, ಅವರ ಹೆಂಡತಿ ಇದ್ದರು. ನಮ್ಮ ವಕೀಲರೂ ಹೇಳಿದರು, ಒಂದು ಕೇವಿಯಟ್ ಹಾಕಿಬಿಡಿ ಸಾರ್, ಸುಮ್ನೆ ಸೇಫ್ಟಿಗೆ. ಹಾಕಲಿಲ್ಲ. ಅರ್ಜಿ ಕೊಡುವ ಹಿಂದಿನ ಸಂಜೆ ನಕ್ಷೆ ಸುತ್ತಿಕೊಂಡು ಅವರ ಮನೆಗೆ ಹೋದೆ.

ಅವರು ಊಟದ ಮೇಜಿನ ಮೇಲೆ ನಕ್ಷೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಇದ್ರಲ್ಲಿ ನಮ್ಮನೆ ಎಲ್ಲಪ್ಪಾ?"

ನಾನು ಬೆರಳಿಟ್ಟು ತೋರಿಸಿದೆ. ನಮ್ಮ ಸೈಟಿನೊಳಗೆ ಮೆಟ್ಟಿಲು, ಸಂಪು, ಕಿಟಕಿ, ಕಕ್ಕಸಿನ ಪೈಪು ಎಲ್ಲ ಇಂಚು ಇಂಚಾಗಿ ಇದ್ದವು. ಗಡಿಗೆರೆಯ ಆಚೆ ಬರೀ ಬಿಳಿ ಕಾಗದ, ಅದರ ಮೇಲೆ ಎರಡು ಪದ: ಪಕ್ಕದ ಸ್ವತ್ತು.

"ಪೆನ್ಸಿಲ್ ಇದ್ಯಾ?" ಅಂದರು. ಕೊಟ್ಟೆ. ಆ ಬಿಳಿ ಜಾಗದಲ್ಲಿ ಒಂದು ಚೌಕ ಬರೆದು, "ಇದು ನಮ್ಮ ಅಡುಗೆಮನೆ ಕಿಟಕಿ" ಅಂದರು. ಇನ್ನೊಂದು ಚಿಕ್ಕ ಸುತ್ತು ಹಾಕಿ, "ಇದು ನುಗ್ಗೆ ಮರ, ಬೇರು ನಿಮ್ ಕಡೆನೂ ಬಂದಿರತ್ತೆ." ಆಮೇಲೆ ಗಡಿಗೆರೆಯ ಮೇಲೆಯೇ ಒಂದು ಗೀಟು ಎಳೆದು, "ನಿಮ್ಮ ಅಮ್ಮ ಇಲ್ಲಿಂದ ಎಳ್ಳು ಕೊಡ್ತಾ ಇದ್ರು" ಅಂದರು.

ಸಂಪನ್ನು ನಾಲ್ಕು ಅಡಿ ಸರಿಸಿದೆವು, ಮೆಟ್ಟಿಲನ್ನು ಆ ಬದಿಯಿಂದ ಈ ಬದಿಗೆ ತಂದೆವು. ಎಂಜಿನಿಯರು ಒಂದು ವಾರ ಗೊಣಗಿ ಹೊಸ ಪ್ರತಿ ತೆಗೆದುಕೊಟ್ಟ. ಅರ್ಜಿಯ ಜೊತೆ ಹೋದದ್ದು ಅದು, ಅದರಲ್ಲಿ ಆ ಕಡೆ ಮತ್ತೆ ಬಿಳಿಯಾಗಿಯೇ ಇದೆ. ಪೆನ್ಸಿಲಿನ ಪ್ರತಿ ಕ್ರಯಪತ್ರದ ಜೊತೆ ಬೀರುವಿನಲ್ಲಿದೆ.